ತಪ್ಪು ಹುಡುಕುವ ಸುಖ

ನಮ್ಮ ಅಕ್ಕನ ಮೊಮ್ಮಗಳು ಸಿಂಚನಾಗೆ ಮುಂದಿನ ತಿಂಗಳು ಕೆಲಸ ಶುರು. ಸಾಫ್ಟ್‌ವೇರ್ ಕಂಪನಿ. ಮೊನ್ನೆ ನಮ್ಮ ಮನೆಗೆ ಬಂದವಳು ಕಾಫಿ ಕುಡಿಯುತ್ತಾ, "ಅಜ್ಜಿ, ನಿಮ್ಮ ಕಾಲದಲ್ಲಿ ಕೋಡ್‌ನ ನೀವೇ ಟೈಪ್ ಮಾಡ್ತಿದ್ರಂತೆ, ಹೌದಾ?" ಎಂದು ಕೇಳಿದಳು. ಒರಳುಕಲ್ಲಿನಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದವರ ಬಗ್ಗೆ ಈಗಿನವರಿಗೆ ಒಂದು ಕನಿಕರ ಇರುತ್ತದಲ್ಲ, ಅದೇ ಕನಿಕರ ಅವಳ ದನಿಯಲ್ಲಿತ್ತು. ಹೌದಮ್ಮ, ನಾವೇ ಟೈಪ್ ಮಾಡುತ್ತಿದ್ದೆವು. ಅದಕ್ಕೂ ಮೊದಲು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಬರೆಯುತ್ತಿದ್ದೆವು.

ಮೂವತ್ತಾರು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ನಮ್ಮ ಯಜಮಾನರು ಶ್ರೀಕಂಠ ಅವರು ಎಲ್ಲ ಮದುವೆ ಮನೆಗಳಲ್ಲೂ ಹೇಳಿ ಮುಗಿಸಿದ್ದಾರೆ. ಸಿಂಚನಾಗೆ ಉಪಯೋಗಕ್ಕೆ ಬರುವಂಥದ್ದು ನನ್ನ ಹತ್ತಿರ ಏನಾದರೂ ಇದ್ದರೆ ಅದು ನನ್ನ ತಪ್ಪುಗಳು. ಅವು ಬೇಕಾದಷ್ಟಿವೆ.

ನಾನು ಹುಟ್ಟಿ ಬೆಳೆದದ್ದು ಬ್ಯಾಟರಾಯನಪುರದಲ್ಲಿ. ಡಿಪ್ಲೊಮಾ ಮುಗಿಸಿ ಸೇರಿದ್ದು ಯಶವಂತಪುರದ ಒಂದು ಗೇರ್ ಕಾರ್ಖಾನೆಗೆ. ಅಲ್ಲಿ ಎಸಿ ಇದ್ದದ್ದು ಎರಡೇ ಕಡೆ: ದೊಡ್ಡ ಸಾಹೇಬರ ಕೋಣೆಯಲ್ಲಿ ಮತ್ತು ಕಂಪ್ಯೂಟರ್ ಕೋಣೆಯಲ್ಲಿ. ಸಾಹೇಬರ ಕೋಣೆಗೆ ಚಪ್ಪಲಿ ಹಾಕಿಕೊಂಡೇ ಹೋಗಬಹುದಿತ್ತು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಹೋಗಬೇಕು. ಬೀರುವಿನಷ್ಟು ದೊಡ್ಡದಾಗಿದ್ದ ಆ ಯಂತ್ರಕ್ಕೆ ಇವತ್ತಿನ ಒಂದು ಕೈಗಡಿಯಾರಕ್ಕಿರುವಷ್ಟು ತಲೆಯೂ ಇರಲಿಲ್ಲ. ನಮ್ಮ ಭಕ್ತಿಗೆ ಮಾತ್ರ ಕಡಿಮೆ ಇರಲಿಲ್ಲ.

ಅಲ್ಲಿ ನನ್ನ ಮೇಲಿನವರು ಶೇಷಗಿರಿ ಸಾರ್. ನಶ್ಯದ ಡಬ್ಬಿ ಮತ್ತು ಒಂದಡಿ ಸ್ಕೇಲು, ಇವೆರಡೇ ಅವರ ಆಸ್ತಿ. ನಾವು ಬರೆದ ಪ್ರೋಗ್ರಾಮನ್ನು ಉದ್ದನೆಯ ಮಡಿಕೆ ಕಾಗದದಲ್ಲಿ ಅಚ್ಚು ಹಾಕಿಸಿ, ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಓದುತ್ತಿದ್ದರು. ಸೇರಿದ ಮೊದಲ ವರ್ಷವೇ ನನಗೆ ಕ್ಯಾಂಟೀನಿನ ಕೆಲಸ ಕೊಟ್ಟರು. ಯಾವ ಪಾಳಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಜನಕ್ಕೆ ತಿಂಡಿ ಮಾಡಬೇಕು ಎಂದು ಹಿಂದಿನ ದಿನವೇ ಅಡುಗೆಯವರಿಗೆ ಚೀಟಿ ಕೊಡುವ ಪ್ರೋಗ್ರಾಮ್. ಬರೆದೆ, ಓಡಿಸಿದೆ, ಚೀಟಿ ಬಂತು. ನನಗೆ ನಾನೇ ಶಭಾಷ್ ಎಂದುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಮೂರು ಪಾಳಿಯವರಿಗೆ ಸಾಕಾಗುವಷ್ಟು ಉಪ್ಪಿಟ್ಟು ಒಂದೇ ಪಾಳಿಗೆ ತಯಾರಾಗಿತ್ತು. ಜನ ತಿಂದರು, ಡಬ್ಬಿಗೆ ಹಾಕಿಕೊಂಡರು, ಗೇಟಿನ ಕಾವಲಿನವರೂ ತಿಂದರು. ಮಧ್ಯಾಹ್ನಕ್ಕೂ ಉಪ್ಪಿಟ್ಟು, ಸಂಜೆಗೂ ಉಪ್ಪಿಟ್ಟು. ಅಡುಗೆ ಭಟ್ಟರು ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದು, "ನಿಮ್ಮ ಯಂತ್ರಕ್ಕೂ ಒಂದು ತಟ್ಟೆ ತಂದಿದೀನಿ, ಎಲ್ಲಿಡಲಿ?" ಎಂದು ಕೇಳಿದರು.

ಶೇಷಗಿರಿ ಸಾರ್ ಬೈಯಲಿಲ್ಲ. "ನಡಿಯಮ್ಮ" ಎಂದು ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಸೌಟು ಕೈಗೆ ಕೊಟ್ಟು ಬಡಿಸಲು ನಿಲ್ಲಿಸಿದರು. ಆಮೇಲೆ ವಾಪಸ್ ಬಂದು ಸ್ಕೇಲು ಕೊಟ್ಟರು. ಆಗಿನ ಆ ಭಾಷೆಯಲ್ಲಿ ವಾಕ್ಯದ ಕೊನೆಗೆ ಚುಕ್ಕಿ ಇಡಬೇಕಿತ್ತು, ಕನ್ನಡದಲ್ಲಿ ಪೂರ್ಣವಿರಾಮ ಇಡುವ ಹಾಗೆ. ನಾನು ಒಂದು ಕಡೆ ಇಟ್ಟಿರಲಿಲ್ಲ. ಪಾಳಿ ಬದಲಾದಾಗ ತಲೆ ಎಣಿಕೆಯನ್ನು ಸೊನ್ನೆಗೆ ತರಬೇಕಾದ ಸಾಲು, ಆ ಚುಕ್ಕಿ ಇಲ್ಲದ್ದರಿಂದ ಹಿಂದಿನ ವಾಕ್ಯಕ್ಕೆ ಅಂಟಿಕೊಂಡು ಸುಮ್ಮನೆ ಕೂತುಬಿಟ್ಟಿತ್ತು. ಪಟ್ಟಿಯ ಕೊನೆಯಲ್ಲಿದ್ದ ಬೆಳಗಿನ ಪಾಳಿಗೆ ಮೂರೂ ಪಾಳಿಯ ತಲೆಗಳು ಸೇರಿಕೊಂಡಿದ್ದವು. ಅದನ್ನು ಹುಡುಕಲು ನನಗೆ ಮೂರು ಗಂಟೆ ಹಿಡಿಯಿತು. ಅವರಿಗೆ ಮೊದಲೇ ಕಂಡಿತ್ತು, ಹೇಳಲಿಲ್ಲ.

"ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ. ತಪ್ಪು ಮಾಡೋದಕ್ಕೆ ಬೇಕಾದಷ್ಟು ಬುದ್ಧಿ ಅದಕ್ಕಿಲ್ಲ" ಎಂದರು, ನಶ್ಯ ಏರಿಸಿ.

ಆ ಕಾರ್ಖಾನೆ ಬಿಡುವವರೆಗೂ ನಾನು ಎಲ್ಲರ ಬಾಯಲ್ಲಿ ಉಪ್ಪಿಟ್ಟು ಮೇಡಂ. ಆದರೆ ಚುಕ್ಕಿ ಸಿಕ್ಕ ಆ ಗಳಿಗೆ ನನಗೆ ಆದ ಖುಷಿಯನ್ನು ಯಾರಿಗೂ ಹೇಳಿರಲಿಲ್ಲ. ಮೈ ಜುಮ್ ಎಂದಿತ್ತು. ಒಂದು ಚುಕ್ಕಿ, ನಾಲ್ಕು ಹಂಡೆ ಉಪ್ಪಿಟ್ಟು. ಇಂಥ ಕೆಲಸಕ್ಕೆ ನನ್ನನ್ನು ಯಾರು ಸೇರಿಸಿಕೊಂಡರು ಎಂದು ಆಶ್ಚರ್ಯಪಡುತ್ತಾ ಬಸ್ಸು ಹತ್ತಿದ್ದೆ.

ಕಾರ್ಖಾನೆ ಮುಚ್ಚಿದ ಮೇಲೆ ಹೆಬ್ಬಾಳದ ಫ್ಲೈಓವರ್ ಕಾಣುವ ಒಂದು ಗಾಜಿನ ಕಟ್ಟಡದಲ್ಲಿ ಬಹಳ ವರ್ಷ ಇದ್ದೆ. ಹೊರದೇಶದ ಒಂದು ಬಟ್ಟೆ ಒಗೆಯುವ ಯಂತ್ರದ ಕಂಪನಿಗೆ ರಿಪೇರಿಯವರನ್ನು ಬುಕ್ ಮಾಡುವ ಪ್ರೋಗ್ರಾಮ್ ನಮ್ಮದು. ಅಲ್ಲಿ ನಾನು ಪ್ರೋಗ್ರಾಮ್ ಬರೆದದ್ದಕ್ಕಿಂತ ಮೀಟಿಂಗಿನಲ್ಲಿ ನಿಂತದ್ದು ಹೆಚ್ಚು. ಪ್ರತಿ ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಒಪ್ಪಿಸಬೇಕು. ಕೂತರೆ ಮಾತು ಉದ್ದವಾಗುತ್ತದೆ ಎಂದು ನಿಲ್ಲಿಸುತ್ತಿದ್ದರಂತೆ. ಮಾತು ಉದ್ದವಾಗೇ ಆಗುತ್ತಿತ್ತು, ಜೊತೆಗೆ ಮಂಡಿಯೂ ನೋಯುತ್ತಿತ್ತು. ಒಂದು ಬಟನ್ನಿನ ಮೇಲಿನ ಪದ ಬದಲಾಯಿಸಲು ಮೂರು ವಾರ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬದಲಾಯಿಸಿದ್ದು ನಾನೇ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ, ಉಳಿದದ್ದು ಅನುಮತಿ.

ಕೊನೆಯ ಎರಡು ವರ್ಷ ಎಐ ಬಂತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮ್ಯಾನೇಜರ್ ವಿಕ್ರಮ್ ಒಂದು ದಿನ ಎಲ್ಲರನ್ನೂ ಸೇರಿಸಿ, "ಗುರು, ಇನ್ಮೇಲೆ ಯಾರೂ ಕೈಯಲ್ಲಿ ಕೋಡ್ ಬರೆಯೋ ಹಾಗಿಲ್ಲ. ಅದೇ ಬರೆಯುತ್ತೆ, ನಾವು ನೋಡ್ಕೊಳ್ಳೋದು" ಎಂದ. ಯಾರು ಅದನ್ನು ಎಷ್ಟು ಬಳಸಿದರು ಎಂದು ಗೋಡೆಯ ಪರದೆಯ ಮೇಲೆ ಪಟ್ಟಿ ಬರುತ್ತಿತ್ತು. ನಾನು ಯಾವಾಗಲೂ ಕೊನೆಯವಳು. ವಿಕ್ರಮ್ ಒಮ್ಮೆ ನನ್ನ ಪಕ್ಕ ಕೂತು ಮೆಲ್ಲಗೆ, "ಮೇಡಂ, ಸುಮ್ನೆ ಏನಾದ್ರೂ ಕೇಳ್ತಾ ಇರಿ. ಹವಾಮಾನ ಆದ್ರೂ ಕೇಳಿ" ಎಂದ. ಆ ವಾರ ನಮ್ಮ ಮನೆ ಕಡೆಯ ರಾಜಾನುಕುಂಟೆಯ ಹವಾಮಾನವನ್ನು ನಾನು ವಿಚಾರಿಸಿದಷ್ಟು ಯಾರೂ ವಿಚಾರಿಸಿರಲಾರರು. ಪಟ್ಟಿಯಲ್ಲಿ ಎರಡನೆಯವಳಾದೆ.

ಆಗಿನಿಂದ ನನ್ನ ಕೆಲಸ ಎಐ ಬರೆದದ್ದನ್ನು ಓದುವುದು. ತಂಡದ ಐಶ್ವರ್ಯಾ ಒಂದು ದಿನ ಸಾವಿರಾರು ಸಾಲು ತಂದಳು. ನಾನು ಶೇಷಗಿರಿ ಸಾರ್ ಹಾಗೆ ಒಂದೊಂದೇ ಸಾಲು ಓದಿ, "ಈ ಸಾಲು ಯಾಕಿದೆ?" ಎಂದೆ.

"ಗೊತ್ತಿಲ್ಲ ಮೇಡಂ, ಅದೇ ಬರೀತು."

"ಕೇಳು."

ಕೇಳಿದಳು. ತುಂಬಾ ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ಕ್ಷಮೆ ಕೇಳಿ, ಎಐ ಆ ಸಾಲನ್ನು ತೆಗೆದುಹಾಕಿತು. "ಯಾಕೆ ತೆಗೆದೆ ಅಂತ ಕೇಳು" ಎಂದೆ. ಮತ್ತೆ ಹೊಗಳಿ, ಕ್ಷಮೆ ಕೇಳಿ, ವಾಪಸ್ ಹಾಕಿತು. ನಾವಿಬ್ಬರೂ ನಕ್ಕೆವು. ಆದರೆ ನಗು ನಿಂತ ಮೇಲೆ ಐಶ್ವರ್ಯಾ, "ಮೇಡಂ, ನನಗೆ ನಿಜವಾಗ್ಲೂ ಏನ್ ಬರುತ್ತೆ ಅಂತ ನನಗೇ ಗೊತ್ತಾಗ್ತಿಲ್ಲ" ಎಂದಳು. ನನಗೂ ಹಾಗೇ ಅನಿಸುತ್ತಿತ್ತು, ಅವಳಿಗೆ ಹೇಳುವಷ್ಟು ಧೈರ್ಯ ಇರಲಿಲ್ಲ ಅಷ್ಟೇ. ಕಳೆದ ವರ್ಷ ನಿವೃತ್ತಿಯ ದಿನ ಶಾಲು ಹೊದಿಸಿ, ಕೇಕು ಕತ್ತರಿಸಿ ಕಳಿಸಿಕೊಟ್ಟರು. ನನ್ನ ಬಗ್ಗೆ ಓದಿದ ಬೀಳ್ಕೊಡುಗೆ ಭಾಷಣವನ್ನೂ ಎಐಯೇ ಬರೆದಿತ್ತು. ಭಾಷಣ ಚೆನ್ನಾಗಿತ್ತು. ನಾನು ಮಾಡದ ಎರಡು ಕೆಲಸ ಅದರಲ್ಲಿದ್ದವು.

ಇನ್ನು ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ಮನೆಗೆ ಬಂದೆ. ನಮ್ಮ ಮನೆ ರಾಜಾನುಕುಂಟೆಯ ಹತ್ತಿರದ ಒಂದು ಬಡಾವಣೆಯಲ್ಲಿದೆ. ನಾಲ್ಕು ಅಡ್ಡರಸ್ತೆ, ಒಂದು ಬೋರ್‌ವೆಲ್, ಒಂದು ಎತ್ತರದ ಟ್ಯಾಂಕು. ವಾಟರ್‌ಮ್ಯಾನ್ ಮುನಿರಾಜು ಸರದಿಯ ಮೇಲೆ ಒಂದೊಂದು ರಸ್ತೆಗೆ ಒಂದೂವರೆ ಗಂಟೆ ವಾಲ್ವ್ ತೆರೆದು ನೀರು ಬಿಡುತ್ತಾನೆ. ಬಡಾವಣೆ ಆಗುವ ಮೊದಲು ಇದೇ ಜಾಗದಲ್ಲಿ ಅವನ ಮನೆಯವರು ರಾಗಿ ಬೆಳೆಯುತ್ತಿದ್ದರು. ಐವತ್ತರ ಮೇಲಿನ ವಯಸ್ಸು, ಮಾತು ಕಡಿಮೆ.

ಈ ಬೇಸಿಗೆಯಲ್ಲಿ ಜಗಳ ಶುರುವಾಯಿತು. ಮೂರನೇ ಅಡ್ಡರಸ್ತೆಯ ಕೊನೆಯ ಮನೆಗಳಿಗೆ ವಾರದಲ್ಲಿ ಕೆಲವು ದಿನ ನೀರೇ ಬರುತ್ತಿರಲಿಲ್ಲ. ಮುನಿರಾಜು ವಾಲ್ವ್ ತಡವಾಗಿ ತೆರೆಯುತ್ತಾನೆ, ಬೇಗ ಮುಚ್ಚಿ ಟೀ ಅಂಗಡಿಗೆ ಹೋಗುತ್ತಾನೆ ಎಂದು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂಗಾಟ. ಅವನನ್ನು ತೆಗೆದುಹಾಕಬೇಕು ಎಂದು ಸಂಘದ ಅಧ್ಯಕ್ಷ ಬಸವರಾಜು ಅವರು ಒಂದು ಅರ್ಜಿ ತಯಾರಿಸಿ ಮನೆಮನೆಗೆ ತಂದರು. ನಾನು ಓದದೆ ಸಹಿ ಹಾಕಿದೆ. ಜೀವಮಾನವಿಡೀ ಸಾಲು ಸಾಲು ಓದಿದವಳು ಹಾಕಿದ ಸಹಿ ಅದು.

ಸಹಿ ಹಾಕಿಸಿಕೊಂಡ ಬಸವರಾಜು, "ಮೇಡಂ, ನೀವು ಸಾಫ್ಟ್‌ವೇರ್‌ನಲ್ಲಿ ಇದ್ದವರು. ಗುಂಪಲ್ಲಿರೋ ಮೆಸೇಜ್ ಎಲ್ಲಾ ಇಟ್ಕೊಂಡು ಒಂದು ರಿಪೋರ್ಟ್ ಮಾಡ್ಕೊಡಿ, ಮೀಟಿಂಗ್‌ನಲ್ಲಿ ತೋರಿಸೋಣ" ಎಂದರು. ಮೂರು ತಿಂಗಳ ಮೆಸೇಜುಗಳನ್ನು ಎಐಗೆ ಸುರಿದು, ನೀರು ಯಾವಾಗ ಬಂತು, ಯಾವಾಗ ಬರಲಿಲ್ಲ, ಕಾರಣ ಏನು ಹೇಳು ಎಂದೆ. ನಾನು ಎದ್ದು ನೀರು ಕುಡಿದು ಬರುವಷ್ಟರಲ್ಲಿ ಬಣ್ಣಬಣ್ಣದ ನಕ್ಷೆಗಳ ರಿಪೋರ್ಟು ಸಿದ್ಧ. ಸಮಯಪಾಲನೆಯಲ್ಲಿ ವಾಟರ್‌ಮ್ಯಾನಿನ ಅನಿಯಮಿತತೆಯೇ ಕಾರಣವಿರಬಹುದು ಎಂದು ಕೊನೆಯಲ್ಲಿತ್ತು. ಅದನ್ನೂ ಓದದೆ ಬಸವರಾಜು ಅವರಿಗೆ ಕಳಿಸಿದೆ. ನನಗೆ ಏನೂ ಅನಿಸಲಿಲ್ಲ. ಬೇಸರವೂ ಇಲ್ಲ, ಖುಷಿಯೂ ಇಲ್ಲ. ಪಾರ್ಸೆಲ್ ತಂದ ಊಟದ ಹಾಗೆ.

ಮರುದಿನ ಮುನಿರಾಜು ಗೇಟಿನ ಹತ್ತಿರ ಬಂದು ನಿಂತ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಅವನ ಹೆಗಲ ಮೇಲಿತ್ತು.

"ಅಮ್ಮ, ನಿಮ್ಮನೆ ಮಿಶಿನ್ನು ನಂದೇ ತಪ್ಪು ಅಂತ ಏಳ್ತಂತೆ."

ನಾನು ಏನೋ ಸಮಜಾಯಿಷಿ ಹೇಳಲು ಹೋದೆ.

"ಇಂಗೆ ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅದು ಯಾವತ್ತಾರ ಬಂದು ವಾಲ್ ತಿರುಗ್ಸೈತಾ? ನಾನ್ ತೆಗ್ದಿದ್ದು, ಮುಚ್ಚಿದ್ದು ಎಲ್ಲಾ ಟೈಮು ಪಂಪ್‌ಹೌಸ್ ಗ್ವಾಡೆ ಮ್ಯಾಲೆ ಬರ್ದಿವ್ನಿ. ಯಾರಾರ ಒಬ್ರು ಬಂದ್ ನೋಡುದ್ರಾ?"

ಹೋಗಿ ನೋಡಿದೆ. ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ತಾರೀಖು, ಗಂಟೆ, ನಿಮಿಷ. ಒಂದು ದಿನವೂ ಬಿಟ್ಟಿರಲಿಲ್ಲ. ಸುಳ್ಳು ಬರೆಯುವವನು ಯಾರೂ ನೋಡದ ಗೋಡೆಯ ಮೇಲೆ ಮೂರು ತಿಂಗಳು ಬರೆಯುವುದಿಲ್ಲ. ಫೋಟೋ ಹಿಡಿದುಕೊಂಡು ಮನೆಗೆ ಬಂದೆ. ಈಗ ಮೊದಲ ಸಲ ಆ ರಿಪೋರ್ಟನ್ನು ಸ್ಕೇಲಿಟ್ಟು ಓದಿದೆ. ಗೋಡೆಗೂ ರಿಪೋರ್ಟಿಗೂ ಹೊಂದಾಣಿಕೆ ಆಗುತ್ತಿಲ್ಲ ಎಂದು ಕಂಡಿತು, ಯಾಕೆಂದು ಕಾಣಲಿಲ್ಲ. ಮೀಟಿಂಗಿಗೆ ಹನ್ನೆರಡು ದಿನ ಇತ್ತು.

ಉತ್ತರ ಸಿಕ್ಕಿದ್ದು ಮರುದಿನ, ಸಂಜಯನಗರದಲ್ಲಿ ನಮ್ಮ ಯಜಮಾನರ ತಂಗಿಯ ಮನೆಯ ಗೃಹಪ್ರವೇಶದಲ್ಲಿ. ಊಟಕ್ಕೆ ಕೂತಿದ್ದೆ. ಬಡಿಸುವವರು ಸಾಲಿನಲ್ಲಿ ಬರುತ್ತಾ ಕೇಳುತ್ತಿದ್ದರು: "ಅಮ್ಮ, ಪಲ್ಯ ಬಂತಾ? ಕೋಸಂಬರಿ ಬಂತಾ?"

ಪಕ್ಕದ ಎಲೆಯವರು "ಬಂತು" ಎಂದರು.

ನನ್ನ ಕೈ ತಡೆಯಿತು. ಬಂತು ಬೇರೆ, ಬಂತಾ ಬೇರೆ. ನಮ್ಮ ಗುಂಪಿನಲ್ಲಿ ಅರ್ಧ ಮೆಸೇಜುಗಳು "ನೀರು ಬಂತಾ" ಎಂದೇ ಇರುವುದು. ಪ್ರಶ್ನಾರ್ಥಕ ಚಿಹ್ನೆ ಹಾಕುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ನೀರಿಲ್ಲದೆ ಕೊಡ ಹಿಡಿದು ನಿಂತವರು ಕೇಳಿದ್ದನ್ನೆಲ್ಲ ಎಐ ನೀರು ಬಂದ ಲೆಕ್ಕಕ್ಕೆ ಸೇರಿಸಿತ್ತು. ಅಷ್ಟೇ ಅಲ್ಲ, ಮೆಸೇಜ್ ಕಳಿಸಿದ ಹೊತ್ತನ್ನೇ ನೀರು ನಿಂತ ಹೊತ್ತು ಎಂದು ಹಿಡಿದಿತ್ತು. ಆಫೀಸಿನಿಂದ ಸಂಜೆ ಬಂದು ಬೆಳಗಿನ ನೀರಿಗೆ ಬೈಯುವವರು ಎಷ್ಟು ಜನ ಇಲ್ಲ.

"ಅಮ್ಮ, ಪಲ್ಯ ಬಂತಾ?" ಎಂದು ಬಡಿಸುವವರು ನನ್ನ ಎಲೆಯ ಮುಂದೆ ನಿಂತಿದ್ದರು.

"ಅದೇ ನೋಡಿ ತಪ್ಪು" ಎಂದೆ. ಅವರು ಪಲ್ಯ ಹಾಕದೆ ಮುಂದೆ ಹೋದರು.

ಆ ಮಧ್ಯಾಹ್ನದಿಂದ ಹನ್ನೊಂದು ದಿನ ನಾನು ಮನೆಯಲ್ಲಿದ್ದೂ ಇರಲಿಲ್ಲ. ಎಐ ಬರೆದದ್ದನ್ನು ಪೂರ್ತಿ ಅಳಿಸಿ ಮೊದಲಿನಿಂದ ನಾನೇ ಶುರು ಮಾಡಿದೆ. ಈಗಿನ ಭಾಷೆಗಳ ಕಾಗುಣಿತ ನನಗೆ ಅರ್ಧ ಮರೆತಿತ್ತು. ಎಐ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ: ಬ್ರಾಕೆಟ್ ಎಲ್ಲಿ ಹಾಕಬೇಕು, ಯಾವ ಪದ ಬಳಸಬೇಕು ಎಂಬುದು ನಿನಗೆ ಬಿಟ್ಟದ್ದು, ಯೋಚನೆ ಮಾಡಿ ತಪ್ಪು ಮಾಡುವ ಕೆಲಸ ನನ್ನದು. ಒಪ್ಪಿಕೊಂಡಿತು. ಒಪ್ಪಿಕೊಂಡ ಮರುಕ್ಷಣವೇ ಪೂರ್ತಿ ಪ್ರೋಗ್ರಾಮ್ ಬರೆದು ಮುಂದಿಟ್ಟಿತು. ಬೇಡ ಎಂದೆ, ಕ್ಷಮೆ ಕೇಳಿತು. ಮತ್ತೆ ಬರೆಯಿತು. ಉಂಡವರಿಗೆ ಮತ್ತೆ ಮತ್ತೆ ಬಡಿಸುವ ಅತ್ತೆಯರು ಇರುತ್ತಾರಲ್ಲ, ಆ ಜಾತಿ. ಮೂರು ದಿನಕ್ಕೆ ಇಬ್ಬರಿಗೂ ಹೊಂದಿಕೆಯಾಯಿತು. ನಾನು ಕೇಳಿದ್ದಕ್ಕೆ ಅದು ತಕ್ಷಣ ಉತ್ತರ ಕೊಡುತ್ತಿತ್ತು. ಹಿಂದೆಲ್ಲ ಇಂಥ ಉತ್ತರಕ್ಕಾಗಿ ದಪ್ಪ ಪುಸ್ತಕ ತಿರುವಿ ದಿನವಿಡೀ ಹಾಳಾಗುತ್ತಿತ್ತು. ಬೇಡದ ದುಡಿಮೆ ಹೋಗಿ ಬೇಕಾದ ತಲೆನೋವು ಮಾತ್ರ ಉಳಿದಿತ್ತು. ಹೆಬ್ಬಾಳದಲ್ಲಿ ಅಷ್ಟು ವರ್ಷ ಕಾಣದಿದ್ದ ಸುಖ ಅದು. ಅನುಮತಿ ಕೇಳಬೇಕಿಲ್ಲ, ನಿಂತು ಒಪ್ಪಿಸಬೇಕಿಲ್ಲ. ಮಾಡಿದ ತಪ್ಪು ಎದುರಿಗೇ ಬಂದು ಕೂರುತ್ತಿತ್ತು, ನಾನು ಅದರ ಕಿವಿ ಹಿಂಡುತ್ತಿದ್ದೆ.

"ಏನೇ ಇದು, ರಿಟೈರ್ ಆದ್ಮೇಲೂ ಆಫೀಸಾ?" ಎಂದರು ಯಜಮಾನರು.

"ಆಫೀಸಲ್ಲಿ ಇಷ್ಟು ಕೆಲಸ ಯಾವತ್ತು ಮಾಡಿದೀನಿ ರೀ" ಎಂದೆ.

ಬಂತು, ಬಂತಾ, ಬರ್ಲಿಲ್ಲ, ಬರ್ತಾ ಇಲ್ವಾ, ನೀರ್ ನಿಂತೋಯ್ತು: ಒಂದೊಂದನ್ನೂ ಬೇರೆ ಮಾಡಿದೆ. ಗುಡ್ ಮಾರ್ನಿಂಗ್ ಹೂವುಗಳನ್ನು ಆಚೆ ಹಾಕಿದೆ. ಯಾರು ಯಾವ ಮನೆ ಎಂದು ಜೋಡಿಸಿ, ಮುನಿರಾಜುವಿನ ಗೋಡೆಯ ಹೊತ್ತುಗಳ ಪಕ್ಕ ಇಟ್ಟೆ. ಹತ್ತನೇ ದಿನ ಬೆಳಿಗ್ಗೆ ಚಿತ್ರ ಸ್ಪಷ್ಟವಾಯಿತು. ಮೂರನೇ ರಸ್ತೆಯ ಕೊನೆಯ ಮನೆಗಳಿಗೆ ನೀರು ಬರದಿದ್ದ ದಿನಗಳೆಲ್ಲ ಬುಧವಾರ ಮತ್ತು ಶನಿವಾರ. ಆ ದಿನಗಳಲ್ಲೂ ಮುನಿರಾಜು ಸರಿಯಾದ ಹೊತ್ತಿಗೇ ವಾಲ್ವ್ ತೆರೆದಿದ್ದ. ಮೂರನೇ ರಸ್ತೆಯ ಮೊದಲ ಮನೆಗಳಿಗೆ ನೀರು ಬಂದೂ ಇತ್ತು. ಒಂದು ಮೂಲೆಯ ಮನೆ ದಾಟಿದ ಮೇಲೆ ಇಲ್ಲ. ಅದಕ್ಕಿಂತ ವಿಚಿತ್ರ, ಸರಿಯಾಗಿ ಅದೇ ಹೊತ್ತಿಗೆ ಎರಡನೇ ರಸ್ತೆಯವರು ಬರೆದಿದ್ದರು: "ಯಾರದೋ ಸಂಪ್ ತುಂಬಿ ರೋಡಿಗೆ ಹರೀತಿದೆ, ನೋಡ್ಕೊಳ್ಳಿ." ಅದು ಎರಡನೇ ರಸ್ತೆಯ ಸರದಿಯೇ ಅಲ್ಲ.

ಮೂರನೇ ರಸ್ತೆಯ ನೀರು ಎರಡನೇ ರಸ್ತೆಗೆ ಹೋಗುತ್ತಿದೆ. ಎರಡೂ ರಸ್ತೆ ಸೇರುವ ಆ ಮೂಲೆಯ ಮನೆ ಯಾವುದು ಎಂದು ನೋಡಿದೆ. ಮನೆ ನಂಬರ್ ನಮ್ಮದು.

ಯಜಮಾನರು ಅಂಗಳದಲ್ಲಿ ದಾಸವಾಳಕ್ಕೆ ಗೊಬ್ಬರ ಹಾಕುತ್ತಿದ್ದರು. "ರೀ, ನಮ್ಮನೆಗೆ ನೀರಿನ ಕನೆಕ್ಷನ್ ಎಷ್ಟು?" ಎಂದೆ.

"ಎರಡು. ಹೋದ ಚಳಿಗಾಲದಲ್ಲಿ ಪ್ಲಂಬರ್ ಮೂರನೇ ಕ್ರಾಸ್ ಕಡೆಯಿಂದಾನೂ ಒಂದು ಕೊಟ್ಟ. ಮಧ್ಯದಲ್ಲಿ ಈ ಚಕ್ರ ಇಟ್ಟಿದಾನೆ ನೋಡು, ಇದನ್ನ ತಿರುಗಿಸಿದ್ರೆ ಗಿಡಕ್ಕೆ ಒಳ್ಳೆ ಪ್ರೆಷರ್ ಬರುತ್ತೆ."

"ಯಾವ್ಯಾವತ್ತು ತಿರುಗಿಸ್ತೀರಾ?"

"ಬುಧವಾರ, ಶನಿವಾರ" ಎಂದರು ಹೆಮ್ಮೆಯಿಂದ. "ಯಾಕೆ?"

ಎರಡು ರಸ್ತೆಯ ಕೊಳವೆಗಳಿಗೂ ನಮ್ಮ ಕಾಂಪೌಂಡಿನೊಳಗೆ ಸೇತುವೆ ಕಟ್ಟಿದ್ದೆವು. ಆ ಚಕ್ರ ತಿರುಗಿಸಿದಾಗಲೆಲ್ಲ ಮೂರನೇ ರಸ್ತೆಯ ನೀರು ನಮ್ಮ ಮನೆಯ ಮೂಲಕ ಎರಡನೇ ರಸ್ತೆಯ ಖಾಲಿ ಕೊಳವೆಗೆ ನುಗ್ಗುತ್ತಿತ್ತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ನಗು. ಪ್ರೋಗ್ರಾಮ್ ಸರಿಯಾಗಿತ್ತು. ನಾನು ಬರೆದದ್ದು ನನ್ನ ಮನೆಯನ್ನೇ ಹಿಡಿದುಕೊಟ್ಟಿತ್ತು.

ಭಾನುವಾರ ಹತ್ತು ಗಂಟೆಗೆ ಪಂಪ್‌ಹೌಸ್ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ಮುನಿರಾಜು ದೂರದಲ್ಲಿ ನಿಂತಿದ್ದ. ಬಸವರಾಜು ಅರ್ಜಿ ಓದಲು ಎದ್ದರು. ಅದಕ್ಕೆ ಮೊದಲೇ ನಾನು ಎದ್ದು ನಿಂತು, ಹೋದ ಸಲ ಕೊಟ್ಟ ರಿಪೋರ್ಟು ತಪ್ಪು, ನೀರು ನಿಲ್ಲುತ್ತಿದ್ದದ್ದು ನಮ್ಮ ಮನೆಯಿಂದ ಎಂದೆ. ಯಜಮಾನರು ಬೇವಿನ ಮರ ನೋಡಲು ಶುರು ಮಾಡಿದರು.

"ಏನ್ ಮೇಡಂ, ಮೊದಲು ಮುನಿರಾಜು ಅಂತು, ಈಗ ನಿಮ್ಮನೆ ಅಂತಿದೆ. ಮುಂದಿನ ವಾರ ನಮ್ಮನೆ ಅನ್ನುತ್ತಾ?" ಎಂದರು ಬಸವರಾಜು.

"ಆವತ್ತಿಂದು ಎಐ ಬರೆದದ್ದು, ನಾನು ಓದದೆ ಕೊಟ್ಟೆ. ಇದು ನಾನು ಬರೆದದ್ದು. ನಂಬಿಕೆ ಬರದಿದ್ರೆ ಬನ್ನಿ, ತಿರುಗಿಸಿ ನೋಡೋಣ."

ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ಮುನಿರಾಜು ಮೂರನೇ ರಸ್ತೆಗೆ ನೀರು ಬಿಟ್ಟ. ಚಕ್ರ ತೆರೆದಾಗ ಆ ರಸ್ತೆಯ ಕೊನೆಯ ಮನೆಯ ನಲ್ಲಿ ಬುಸ್ ಎಂದು ಗಾಳಿ ಬಿಟ್ಟು ನಿಂತಿತು. ಮುಚ್ಚಿದಾಗ ಸ್ವಲ್ಪ ಹೊತ್ತಿಗೆ ನೀರು ಬಂತು. ಎರಡು ಸಲ ಮಾಡಿ ನೋಡಿದರು. ಕೊನೆಯ ಮನೆಯ ಗೌರಮ್ಮ ನಮ್ಮ ಗಿಡಗಳನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ದಾಸವಾಳಕ್ಕೋಸ್ಕರ ಮೂರು ತಿಂಗಳು ನಾವು ಸ್ನಾನ ಬಿಟ್ಟಿದ್ವಾ?" ಎಂದರು. ಬಸವರಾಜು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಚಕ್ರವನ್ನು ಅವತ್ತೇ ಕಳಚಿಸಿದೆವು.

ಜನ ಹೋದ ಮೇಲೆ ಮುನಿರಾಜುವಿನ ಹತ್ತಿರ ಹೋಗಿ, ತಪ್ಪಾಯ್ತು ಕಣಪ್ಪ ಎಂದೆ.

"ಮೂರ್ ತಿಂಗ್ಳು ಎಲ್ರ ಕೈಲೂ ಬೈಸ್ಕಂಡೆ ಅಮ್ಮ" ಎಂದ. ನನ್ನ ಕೈಯಲ್ಲಿದ್ದ ಹಾಳೆಯನ್ನು ಇಸಿದುಕೊಂಡು ಬೆರಳಿಟ್ಟು ಬಹಳ ಹೊತ್ತು ನೋಡಿದ. ಯಾವ ರಸ್ತೆಗೆ ಎಷ್ಟು ಹೊತ್ತಿಗೆ ನೀರು ತಲುಪುತ್ತದೆ ಎಂಬ ಪಟ್ಟಿ ಅದು.

"ಇದ್ರಾಗೂ ಒಂದ್ ತಪ್ಪೈತೆ" ಎಂದ.

"ಎಲ್ಲಿ?"

"ನಾಕ್ನೇ ಕ್ರಾಸು. ವಾಲ್ ತೆಗ್ದೇಟ್ಗೆ ನೀರ್ ಬತ್ತದೆ ಅಂತ ಆಕಿದ್ದೀರ. ಇಪ್ಪತ್ ನಿಮ್ಸ ಬರಾಕಿಲ್ಲ."

"ಯಾಕೆ? ಅದು ಇಳಿಜಾರಲ್ವಾ, ಬೇಗ ಬರಬೇಕಲ್ಲ?"

"ಅದೇ ನೋಡಿ" ಎಂದ. ಮೊದಲ ಸಲ ಅವನ ಮುಖದಲ್ಲಿ ಸ್ವಲ್ಪ ನಗು ಕಂಡಿತು. "ಬನ್ನಿ, ತೋರುಸ್ತೀನಿ."

ಯಜಮಾನರು ತಿಂಡಿ ಆರಿಹೋಗುತ್ತದೆ ಎಂದು ಗೇಟಿನಿಂದ ಕೂಗಿದರು. ನೀವು ತಿನ್ನಿ ಎಂದು ಹೇಳಿ, ಪೆನ್ಸಿಲ್ ತೆಗೆದುಕೊಂಡು ಅವನ ಹಿಂದೆ ಹೊರಟೆ.